ಮಕ್ಕಳ ಎಟಿವಿ ಕೆಟ್ಟು ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರೋಡ್ ಒಳಗಲ್ಲಿಯಲ್ಲಿ ನನ್ನ ಗ್ಯಾರೇಜು. ಬೈಕು, ಸ್ಕೂಟರ್ ಕೆಲಸವೇ ಹೆಚ್ಚು. ಈಚಿನ ಕೆಲವು ವರ್ಷಗಳಿಂದ ಮಕ್ಕಳು ಓಡಿಸುವ ನಾಲ್ಕು ಗಾಲಿ ಬೈಕುಗಳೂ, ಅಂದರೆ ಎಟಿವಿಗಳೂ ಬರುತ್ತಿವೆ. ನವಲಗುಂದ, ಮುಳಗುಂದ, ಶಿಗ್ಗಾಂವಿ, ಬ್ಯಾಡಗಿ ಕಡೆಯ ತೋಟದ ಮನೆಗಳಿಂದ ಟಂಟಂನಲ್ಲೋ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೋ ಹೇರಿಕೊಂಡು ತರುತ್ತಾರೆ. ಅರ್ಧಕ್ಕರ್ಧ ಗಾಡಿಗಳಿಗೆ ಇಲ್ಲಿಯವರೆಗೆ ಬರುವ ಅಗತ್ಯವೇ ಇರುವುದಿಲ್ಲ. ಬಾಡಿಗೆ ಕೊಟ್ಟು ತಂದವರಿಗೆ ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟು ಕಳಿಸುವಾಗ ನನಗೇ ಕಸಿವಿಸಿ. ಅದಕ್ಕೇ ಇದನ್ನು ಬರೆದಿದ್ದೇನೆ.

ಮೇಲಿನ ಸ್ಟಿಕ್ಕರ್ ಯಾವುದೇ ಇರಲಿ, ಅಗ್ಗದ 110 ಮತ್ತು 125 ಸಿಸಿ ಗಾಡಿಗಳ ಎಂಜಿನ್ ಬಹುತೇಕ ಒಂದೇ ಮನೆತನದ್ದು. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್‌ನ ದಾರಿ ಹಿಡಿದು ಚೀನಾದಲ್ಲಿ ತಯಾರಾಗುವ, ಅಡ್ಡ ಮಲಗಿದ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್. ಹಾಗಾಗಿ ಒಂದು ಗಾಡಿಯ ರೋಗ ತಿಳಿದರೆ ಹತ್ತು ಗಾಡಿಯದು ತಿಳಿದಂತೆ. ತೀರಾ ಚಿಕ್ಕ ಮಕ್ಕಳ 49 ಸಿಸಿ ಟೂ ಸ್ಟ್ರೋಕ್ ಬೇರೆ, ಅದರ ಮಾತು ಮುಂದೆ ಬರುತ್ತದೆ.

ಹೊಸಾ ಗಾಡಿ ಈಗಷ್ಟ ಬಂದೈತ್ರಿ. ಹುಡುಗನ್ನ ಕೂಡಿಸಿ ಬಿಡಬಹುದಾ?

ಇವತ್ತು ಬೇಡ. ಒಂದು ಸಂಜೆ ತಡೆಯಿರಿ.

ಈ ಗಾಡಿಗಳು ಅರ್ಧ ಜೋಡಿಸಿದ ಸ್ಥಿತಿಯಲ್ಲಿ ಪ್ಯಾಕ್ ಆಗಿ ಬರುತ್ತವೆ. ಗಾಲಿ, ಹ್ಯಾಂಡಲ್, ಬಂಪರ್, ಬ್ಯಾಟರಿ ಕೂಡಿಸುವುದು ಮಾರುವವರ ಕೆಲಸ. ಗಡಿಬಿಡಿಯಲ್ಲಿ ಕೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದೊಂದಿದೆ. ನವಲಗುಂದದ ಕಡೆಯಿಂದ ಒಂದು ಗಾಡಿ ಬಂತು, ತಂದದ್ದು ಚೈನ್ ಶಬ್ದಕ್ಕೆ. ಹಿಂದಿನ ಬಲಗಾಲಿ ಹಿಡಿದು ಅಲುಗಿಸಿದರೆ ಟಕ್ ಟಕ್ ಅಂದಿತು. ನಡುವಿನ ಪ್ಲಾಸ್ಟಿಕ್ ಕ್ಯಾಪ್ ತೆಗೆದೆ. ಹಬ್ ನಟ್ಟು ಬಿಚ್ಚಿಕೊಳ್ಳುತ್ತ ಬಂದು ಕೊನೆಯ ಮೂರು ಥ್ರೆಡ್ ಮೇಲೆ ನಿಂತಿತ್ತು. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತಿನೊಳಗೆ ಬಣ್ಣ ಹಾಗೆಯೇ ಕೂತಿತ್ತು. ಅಂದರೆ ಪಿನ್ ಕಳಚಿ ಬಿದ್ದದ್ದಲ್ಲ, ಯಾರೂ ಹಾಕಿರಲೇ ಇಲ್ಲ. ಆ ಗಾಡಿಯನ್ನು ಒಂಬತ್ತು ವರ್ಷದ ಹುಡುಗಿ ದಿನಾ ಸಂಜೆ ಮಲಪ್ರಭಾ ಕಾಲುವೆ ದಂಡೆಯ ಮೇಲೆ ಓಡಿಸುತ್ತಿದ್ದಳು. ಅವರಪ್ಪ ಆ ನಟ್ಟು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಆದ್ದರಿಂದ ಪಾನಾ ಸೆಟ್ ತಗೊಂಡು ಕೂತುಕೊಳ್ಳಿ. ಮೊದಲು ನಾಲ್ಕೂ ಗಾಲಿಯ ಹಬ್ ನಟ್ಟು, ಪ್ರತಿಯೊಂದಕ್ಕೂ ಸ್ಪ್ಲಿಟ್ ಪಿನ್. ಆಮೇಲೆ ಗಾಲಿಯ ಸಣ್ಣ ನಟ್ಟುಗಳು, ಹಿಂದಿನ ಆಕ್ಸಲ್ ಮೇಲೆ ಒಂದರ ಬೆನ್ನಿಗೊಂದು ಕೂತಿರುವ ದೊಡ್ಡ ಜೋಡಿ ನಟ್ಟು, ಹ್ಯಾಂಡಲ್ ಜೊತೆ ಮುಂದಿನ ಗಾಲಿ ತಿರುಗಿಸುವ ಟೈ ರಾಡಿನ ನಟ್ಟು, ಹ್ಯಾಂಡಲ್ ಕ್ಲ್ಯಾಂಪ್, ಬ್ರೇಕ್ ಕ್ಯಾಲಿಪರ್ ಬೋಲ್ಟು. ಗಾಲಿ ನೆಲ ಬಿಡುವಂತೆ ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಒಂದೊಂದನ್ನೂ ಅಲುಗಿಸಿ ನೋಡಿ. ಎಂಜಿನ್ ಆಯಿಲ್ ಇದೆಯೇ ಎಂದು ಕಡ್ಡಿ ತೆಗೆದು ನೋಡಿ. ಐದಾರು ತಾಸು ಓಡಿದ ಮೇಲೆ ಆ ಮೊದಲ ಆಯಿಲ್ ಇಳಿಸಿಬಿಡಿ. ಹೊಸ ಎಂಜಿನ್ನಿನ ಸವೆದ ಲೋಹದ ಪುಡಿ ಅದರಲ್ಲಿ ಮಿಂಚುವುದು ನಿಮಗೇ ಕಾಣುತ್ತದೆ. ಅದೇ ದಿನ ಎಲ್ಲ ನಟ್ಟು ಇನ್ನೊಮ್ಮೆ ಬಿಗಿ ಮಾಡಿ.

ಸೆಲ್ಫ್ ಬಟನ್ ಒತ್ತಿದ್ರ ಏನೂ ಆಗಂಗಿಲ್ಲ. ಸತ್ತಂಗ ನಿಂತೈತಿ.

ಬ್ರೇಕ್ ಲಿವರ್ ಹಿಡಿದು ಒತ್ತಿದಿರಾ? ಬ್ರೇಕ್ ಹಿಡಿಯದೆ ಸೆಲ್ಫ್ ಹೊಡೆಯದಂತೆ ಮಕ್ಕಳ ಸುರಕ್ಷತೆಗಾಗಿಯೇ ವೈರಿಂಗ್ ಇರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್, ಅಂದರೆ ಎಂಜಿನ್ ಬಂದ್ ಮಾಡುವ ಬಟನ್, ಬಂದ್ ಕಡೆ ಇಲ್ಲವೇ ನೋಡಿ. ಹಿಂದೆ ಹಗ್ಗದ ಕಿಲ್ ಸ್ವಿಚ್ ಇದ್ದರೆ ಅದರ ಬಿರಡೆ ಒಳಗೆ ಪೂರ್ತಿ ಕೂತಿದೆಯೇ ನೋಡಿ. ಕೆಲವು ಗಾಡಿಗಳಿಗೆ ರಿಮೋಟ್ ಇರುತ್ತದೆ, ಮಗು ಅದನ್ನೊತ್ತಿ ಲಾಕ್ ಮಾಡಿ ಆಟದ ಸಾಮಾನಿನ ಬುಟ್ಟಿಗೆ ಎಸೆದಿರುತ್ತದೆ. ಇಷ್ಟೂ ಸರಿ ಇದ್ದರೆ ಬ್ಯಾಟರಿ ಪಕ್ಕದ ಫ್ಯೂಸ್ ತೆಗೆದು ಬೆಳಕಿಗೆ ಹಿಡಿಯಿರಿ.

ಬ್ರೇಕ್ ಲಿವರ್ ಕೆಳಗಿನ ಪುಟ್ಟ ಸ್ವಿಚ್ ದೂಳು ಹಿಡಿದು ಕೆಲಸ ನಿಲ್ಲಿಸುವುದು ಬಹಳ ಸಾಮಾನ್ಯ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತು ಸಲ ಒತ್ತಿ ಬಿಡಿ.

ಟಿಕ್ ಟಿಕ್ ಅಂತೈತಿ, ತಿರುಗಂಗಿಲ್ಲ.

ಬ್ಯಾಟರಿ ಇಳಿದಿದೆ. ಈ ಗಾಡಿಗಳಲ್ಲಿ 12 ವೋಲ್ಟಿನ 4 ಅಥವಾ 5 ಆಂಪಿಯರ್-ಅವರ್ ಸಣ್ಣ ಬ್ಯಾಟರಿ ಇರುತ್ತದೆ, ಎರಡು ತಿಂಗಳು ನಿಂತರೆ ತಾನಾಗಿ ಇಳಿಯುತ್ತದೆ. ಪೂರ್ತಿ ಚಾರ್ಜ್ ಆದದ್ದು ಮೀಟರ್ ಹಿಡಿದರೆ 12.6ರ ಮೇಲೆ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುದಿಯಾಗಿದೆ. ಎಂಜಿನ್ ಓಡುವಾಗ ತುಸು ಎಕ್ಸ್‌ಲೇಟರ್ ಕೊಟ್ಟು ನೋಡಿದರೆ 13.5ರಿಂದ 14.5 ಬರಬೇಕು. ಬಾರದಿದ್ದರೆ ಹೊಸ ಬ್ಯಾಟರಿ ತಂದು ಉಪಯೋಗವಿಲ್ಲ, ಚಾರ್ಜಿಂಗ್ ಕಡೆ ದೋಷ.

ದುಡ್ಡು ಖರ್ಚು ಮಾಡುವ ಮುಂಚೆ ಟರ್ಮಿನಲ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿ. ಎಂಜಿನ್ನಿಗೆ ಹೋಗುವ ಅರ್ಥ್ ವೈರಿನ ತುದಿಯನ್ನೂ ಉಜ್ಜಿ, ಅಲ್ಲಿ ಫ್ರೇಮಿನ ಬಣ್ಣದ ಮೇಲೇ ಬೋಲ್ಟ್ ಹಾಕಿರುತ್ತಾರೆ.

ಸೆಲ್ಫ್ ಚಂದ ಹೊಡೀತೈತಿ, ಆದ್ರ ಎಂಜಿನ್ ಚಾಲೂ ಆಗವಲ್ದು.

ಪೆಟ್ರೋಲ್ ಕಾಕ್ ತೆರೆದಿದೆಯೇ? ತೆರೆದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ಹಸಿಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕರೆಂಟ್ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಇಡೀ ತನಿಖೆ ಇಲ್ಲಿಂದ ಎರಡು ದಾರಿಯಾಗುತ್ತದೆ.

ಕರೆಂಟ್ ನೋಡಲು ಪ್ಲಗ್‌ಗೆ ಕ್ಯಾಪ್ ಹಾಕಿ, ಅದರ ಕಬ್ಬಿಣದ ಮೈ ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆಯಿರಿ. ನೀಲಿ ಕಿಡಿ ಚಟ್ ಚಟ್ ಅನ್ನಬೇಕು. ಪ್ಲಗ್ ತೂತಿನಿಂದ, ಪೆಟ್ರೋಲಿನಿಂದ ದೂರ ಹಿಡಿಯಿರಿ, ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ. ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಕಂಪನಿಯಿಂದ ಬರುವುದು ಎ7ಟಿಸಿ ನಂಬರಿನ ಪ್ಲಗ್, ಅದರ ಜಾಗಕ್ಕೆ ಎನ್‌ಜಿಕೆ ಸಿ7ಎಚ್‌ಎಸ್‌ಎ ಸರಿಯಾಗಿ ಕೂರುತ್ತದೆ. ತುದಿಯ ಸಂದು 0.6ರಿಂದ 0.7 ಮಿಲಿಮೀಟರ್. ನನ್ನ ಕೈಗೆ ಬರುವ ಎಲ್ಲ ಗಾಡಿಗಳಿಗೂ ಮೊದಲ ದಿನವೇ ಪ್ಲಗ್ ಬದಲಿಸುತ್ತೇನೆ, ಕ್ಯಾಪ್ ಕೂಡ.

ಆಮೇಲೂ ಕಿಡಿ ಬಾರದಿದ್ದರೆ ಸಂಶಯ ಕಿಲ್ ಸ್ವಿಚ್ ಮೇಲೆ. ಪ್ಲಗ್ಗಿಗೆ ಕಿಡಿ ಕಳಿಸುವ ಪುಟ್ಟ ಪೆಟ್ಟಿಗೆ ಸಿಡಿಐ, ಅದಕ್ಕೆ ಹೋಗುವ ವೈರುಗಳಲ್ಲಿ ಒಂದು ಕಪ್ಪು ವೈರಿಗೆ ಬಿಳಿ ಗೆರೆ ಇರುತ್ತದೆ, ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಬಂದ್ ಮಾಡುವುದು ಅದೇ. ಅದನ್ನು ಕಳಚಿದಾಗ ಕಿಡಿ ಬಂದರೆ ಸಿಡಿಐ ಚೆನ್ನಾಗಿದೆ, ಸ್ವಿಚ್ ಕೆಟ್ಟಿದೆ. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಜೋಡಿಸಿ, ಸ್ವಿಚ್ ಬದಲಿಸಿ. ವೈರ್ ಕಳಚಿಟ್ಟೇ ಗಾಡಿ ಓಡಿಸಲು ಕೊಡುವವರನ್ನು ನೋಡಿದ್ದೇನೆ. ಕೈ ಎತ್ತಿ ಮುಗಿಯುತ್ತೇನೆ, ಹಾಗೆ ಮಾಡಬೇಡಿ. ಮಗು ಗಾಬರಿಯಾದಾಗ ಗಾಡಿ ನಿಲ್ಲಿಸಲು ಇರುವುದು ಆ ಕೆಂಪು ಬಟನ್ ಒಂದೇ.

ಚೋಕ್ ಹಾಕಿದ್ರ ಓಡತೈತಿ, ತೆಗದ ಕೂಡಲೆ ಬಂದ್.

ನನಗೆ ಬರುವ ಫೋನುಗಳಲ್ಲಿ ಇದೇ ಹೆಚ್ಚು. ದಸರಾ ರಜೆ ಮತ್ತು ಬೇಸಿಗೆ ರಜೆ ಶುರುವಾದ ಮೊದಲ ವಾರದಲ್ಲಿ ದಿನಾ ಒಂದಾದರೂ ಇರುತ್ತದೆ.

ಕಾರಣ ಇಷ್ಟೇ: ಗಾಡಿ ತಿಂಗಳುಗಟ್ಟಲೆ ನಿಂತಿದೆ. ಕಾರ್ಬೊರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ಅದು ಗಾಳಿಯ ತೇವವನ್ನೂ ಹೀರುತ್ತದೆ. ಅಗ್ಗದ ರಬ್ಬರ್ ಪೈಪು ಒಳಗಿನಿಂದಲೇ ಕೊಳೆತು ಕಪ್ಪು ಚೂರು ಬಿಡುತ್ತದೆ. ಇದೆಲ್ಲ ಹೋಗಿ ಸಿಕ್ಕಿಕೊಳ್ಳುವುದು ಪೈಲಟ್ ಜೆಟ್ಟಿನಲ್ಲಿ, ಅಂದರೆ ಸ್ಲೋ ಓಡಲು ಪೆಟ್ರೋಲ್ ಕೊಡುವ ಅತಿ ಸಣ್ಣ ತೂತಿನಲ್ಲಿ.

ಮನೆಯಲ್ಲೇ ಮಾಡಬಹುದು. ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಬಿಚ್ಚಿ, ಕೆಳಗಿನ ಬಟ್ಟಲಿನ ಸ್ಕ್ರೂ ತೆಗೆಯಿರಿ. ಬಿಳಿ ತಟ್ಟೆಯ ಮೇಲೆ ಬಿಚ್ಚಿದರೆ ಬಿದ್ದ ಸ್ಕ್ರೂ ಕಾಣುತ್ತದೆ. ನಡುವೆ ಎದ್ದು ಕಾಣುವ ಹಿತ್ತಾಳೆಯದು ಮೇನ್ ಜೆಟ್. ಪಕ್ಕದ ಆಳದ ಗುಳಿಯಲ್ಲಿ ಕೂತದ್ದು ಪೈಲಟ್ ಜೆಟ್, ಅದಕ್ಕೆ ಸಪೂರ ತುದಿಯ ಸ್ಕ್ರೂ ಡ್ರೈವರ್ ಬೇಕು. ದಪ್ಪನೆಯದು ಹಾಕಿ ತಿರುಗಿಸಿದರೆ ಹಿತ್ತಾಳೆಯ ಗೆರೆ ಕಿತ್ತುಹೋಗುತ್ತದೆ. ತೆಗೆದ ಜೆಟ್ಟನ್ನು ಬೆರಳಿನಲ್ಲಿ ಹಿಡಿದು ಆಕಾಶದ ಕಡೆ ಕಣ್ಣಿಟ್ಟು ನೋಡಿ. ಸ್ವಚ್ಛವಿದ್ದರೆ ನಡುವೆ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ, ದುಂಡಗೆ. ಕಟ್ಟಿದ್ದರೆ ಕತ್ತಲೆ, ಇಲ್ಲವೇ ಚಂದ್ರನ ತುಂಡಿನಂತೆ ಅರ್ಧ ಚುಕ್ಕೆ. ಕಾರ್ಬೊರೇಟರ್ ಕ್ಲೀನರ್ ಹೊಡೆದು ಹತ್ತು ನಿಮಿಷ ಬಿಡಿ. ಹೋಗದಿದ್ದರೆ ಸಣ್ಣ ವೈರಿನ ಒಳಗಿನ ತಾಮ್ರದ ಒಂದೇ ಎಳೆ ಬಿಡಿಸಿಕೊಂಡು ಮೆಲ್ಲಗೆ ಆಡಿಸಿ. ತಾಮ್ರ ಹಿತ್ತಾಳೆಗಿಂತ ಮೆತ್ತಗೆ, ತೂತು ದೊಡ್ಡದಾಗುವುದಿಲ್ಲ. ಹೊಲಿಗೆ ಸೂಜಿ ಹಾಕಬೇಡಿ, ಜೆಟ್ ಹಾಳಾಗುತ್ತದೆ. ಕೆಲವು ಅಗ್ಗದ ಕಾರ್ಬೊರೇಟರಿನಲ್ಲಿ ಆ ಜೆಟ್ ಬಿಚ್ಚಲು ಬರುವುದಿಲ್ಲ. ಆಗ ಸ್ಪ್ರೇ, ಕಂಪ್ರೆಸರ್ ಗಾಳಿ, ಅದೂ ಆಗದಿದ್ದರೆ ಹೊಸ ಕಾರ್ಬೊರೇಟರ್.

ಕಾರ್ಬೊರೇಟರ್ ಪಕ್ಕದಲ್ಲಿ ಗಾಳಿ-ಪೆಟ್ರೋಲಿನ ಹದ ಹೊಂದಿಸುವ ಗಾಳಿ ಸ್ಕ್ರೂ ತೆಗೆಯುವ ಮೊದಲು ಅದು ಎಷ್ಟು ಸುತ್ತು ಒಳಗಿತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮರೆತರೆ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತನ್ನಿ, ಅಲ್ಲಿಂದ ಕಿವಿಗೆ ಹೊಂದಿಸಿ.

ಜೆಟ್ ಸ್ವಚ್ಛವಿದ್ದೂ ಇದೇ ರೋಗವಿದ್ದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ರಬ್ಬರ್ ರಿಂಗ್ ಬದಲಿಸಿ, ಎರಡೂ ಬೋಲ್ಟು ಸಮನಾಗಿ ಬಿಗಿ ಮಾಡಿ.

ಹತ್ತು ನಿಮಿಷ ಓಡಿ ನಿಂದರತೈತಿ. ತಾಸು ಬಿಟ್ಟು ಹೊಡದ್ರ ಮತ್ತ ಚಾಲೂ.

ಮುಂದಿನ ಸಲ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಸ್ಸ್ ಎಂದು ಗಾಳಿ ಎಳೆದುಕೊಂಡರೆ ರೋಗ ಸಿಕ್ಕಿತು. ಮುಚ್ಚಳದ ಗಾಳಿ ತೂತು ದೂಳಿನಿಂದ ಕಟ್ಟಿದೆ, ಟ್ಯಾಂಕಿನಿಂದ ಪೆಟ್ರೋಲ್ ಇಳಿಯುತ್ತಿಲ್ಲ. ಗದಗ ಕಡೆ ಬೇಸಿಗೆಯ ಗಾಳಿ ಗೊತ್ತಲ್ಲ, ಅಲ್ಲಿಂದ ಬರುವ ಗಾಡಿಗಳಲ್ಲಿ ಇದು ಮಾಮೂಲು. ತೂತು ಬಿಡಿಸಿದರೆ ಮುಗಿಯಿತು. ಹೀಗಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್ ನೋಡಿ.

ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರ್ತೈತಿ.

ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯಡಿ ಕಸ ಸಿಕ್ಕಿದೆ. ಮೊದಲು ಬಟ್ಟಲಿಗೆ ಸ್ಕ್ರೂ ಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ಎರಡು ಏಟು ಕೊಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಬಿಚ್ಚಿ ತೊಳೆಯಬೇಕು. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡುವುದನ್ನು ಮರೆಯಬೇಡಿ. ಪೆಟ್ರೋಲ್ ವಾಸನೆ ಬಂದರೆ ಅದು ಎಂಜಿನ್ನಿನೊಳಗೂ ಇಳಿದಿದೆ. ಆ ಆಯಿಲ್‌ನಲ್ಲಿ ಒಂದು ನಿಮಿಷವೂ ಓಡಿಸದೆ ಬದಲಿಸಿ. ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಬಂದ್ ಮಾಡುವುದನ್ನು ಮಗುವಿಗೂ ಕಲಿಸಿ.

ಕಾರ್ಬೊರೇಟರ್ ಹೊಸಾದು, ಪ್ಲಗ್ ಹೊಸಾದು, ಆದ್ರೂ ಚಾಲೂ ಆಗಾಕ ಸತಾಯಿಸತೈತಿ.

ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸಂದು, ನೋಡಿಸಿದಿರಾ? ಇದನ್ನು ಬಹಳ ಮೇಸ್ತ್ರಿಗಳೂ ಬಿಟ್ಟುಬಿಡುತ್ತಾರೆ. ಸಡಿಲಾದ ಟ್ಯಾಪೆಟ್ ಕಟಕಟ ಎನ್ನುವುದರಿಂದ ಗೊತ್ತಾಗುತ್ತದೆ. ಬಿಗಿಯಾದದ್ದು ಶಬ್ದವನ್ನೇ ಮಾಡುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರಿಹೋಗುತ್ತದೆ, ಹಾಗೇ ಓಡಿಸಿದರೆ ವಾಲ್ವ್ ಸುಡುತ್ತದೆ. ಎಂಜಿನ್ ಹೊಸದಾಗಿ ಕೆಲವು ತಾಸು ಓಡಿದಾಗ ವಾಲ್ವ್ ತನ್ನ ಜಾಗದಲ್ಲಿ ಕೂತು ಸಂದು ಕಡಿಮೆಯಾಗುವುದು ಸಹಜ.

ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿ ಬೆಳಗ್ಗೆ ಮಾಡಿದರೆ ಒಳ್ಳೆಯದು. ಸಿಲಿಂಡರ್ ಹೆಡ್ಡಿನ ಮೇಲೊಂದು ಕೆಳಗೊಂದು ದುಂಡು ಮುಚ್ಚಳ ಇರುತ್ತದೆ, ಎರಡನ್ನೂ ಬಿಚ್ಚಿ. ಎಡಗಡೆ ಮ್ಯಾಗ್ನೆಟ್ ತಿರುಗಿಸಿ ‘ಟಿ’ ಗುರುತು ಗೆರೆಗೆ ತನ್ನಿ. ಎರಡೂ ಟ್ಯಾಪೆಟ್ ಕೈಯಲ್ಲಿ ತುಸು ಆಡಬೇಕು. ಆಡದಿದ್ದರೆ ಇನ್ನೊಂದು ಪೂರ್ತಿ ಸುತ್ತು. 0.05 ಮಿಲಿಮೀಟರಿನ ಫೀಲರ್ ಗೇಜ್ ಸಣ್ಣ ತಡೆಯೊಂದಿಗೆ ಜಾರಿ ಬರುವಂತೆ ಹೊಂದಿಸಿ. ನಟ್ಟು ಬಿಗಿ ಮಾಡುವಾಗ ಸಂದು ಬದಲಾಗುತ್ತದೆ, ಮತ್ತೊಮ್ಮೆ ಅಳೆಯಿರಿ.

ಹೊಗಿ ಬರಾಕತ್ತೈತಿ.

ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಹಾಕಿದ್ದು ಹಾಗೇ ಇದೆ. ನೀಲಿ ಹೊಗೆಯಾದರೆ ಆಯಿಲ್ ಸುಡುತ್ತಿದೆ. ಅತಿಯಾಗಿ ತುಂಬಿದ್ದೀರಾ ನೋಡಿ. ಮಟ್ಟ ಸರಿಯಿದ್ದೂ ಬಂದರೆ ಪಿಸ್ಟನ್ ರಿಂಗ್ ಕೆಲಸ, ಗ್ಯಾರೇಜಿಗೆ ತನ್ನಿ.

ಸ್ಪಂಜಿನ ಏರ್ ಫಿಲ್ಟರ್ ಇದ್ದರೆ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎರಡು ಹನಿ ಆಯಿಲ್ ಹಿಂಡಿ ಹಾಕಿ. ನಮ್ಮ ದೂಳಿನಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿದರೂ ಹೆಚ್ಚಲ್ಲ. ಫಿಲ್ಟರ್ ಇಲ್ಲದೆ ಓಡಿಸಿದರೆ ರಿಂಗ್ ಒಂದೇ ಬೇಸಿಗೆಯಲ್ಲಿ ಸವೆಯಬಹುದು.

ಯಾವ ಆಯಿಲ್ ಹಾಕೂದು? ಟ್ರ್ಯಾಕ್ಟರಿಂದು ಮನ್ಯಾಗ ಐತಿ.

ಅದು ಬೇಡ. ಕ್ಲಚ್ ಇದೇ ಆಯಿಲ್‌ನಲ್ಲಿ ಮುಳುಗಿ ಓಡುತ್ತದೆ. ಬೈಕಿನ 10ಡಬ್ಲ್ಯೂ-40 ಆಯಿಲ್, ಡಬ್ಬಿಯ ಮೇಲೆ ಜಾಸೋ ಎಂಎ (JASO MA, ಆಯಿಲ್‌ನ ದರ್ಜೆ) ಎಂದಿರಬೇಕು. ಎಂಬಿ ಎಂದಿದ್ದರೆ ಅದು ಸ್ಕೂಟರಿನದು, ಹಾಕಿದರೆ ಕ್ಲಚ್ ಜಾರುತ್ತದೆ. ಒಂದು ಲೀಟರ್ ಡಬ್ಬಿ ಪೂರ್ತಿ ಸುರಿಯಬೇಡಿ. ಸುಮಾರು 800 ಮಿಲಿ ಹಾಕಿ ಕಡ್ಡಿ ನೋಡುತ್ತ ಹೋಗಿ.

ಸಣ್ಣ 49 ಸಿಸಿ ಗಾಡಿಗೆ?

ಅದರಲ್ಲಿ ಎಂಜಿನ್ ಆಯಿಲ್ ಬೇರೆ ಇರುವುದಿಲ್ಲ, ಪೆಟ್ರೋಲಿನಲ್ಲೇ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಸಾಮಾನ್ಯವಾಗಿ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ. ನಿಮ್ಮ ಪುಸ್ತಕದಲ್ಲಿ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೇರೆ ಕ್ಯಾನಿನಲ್ಲಿ ಬೆರೆಸಿ, ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಿ. ಎಳೆಯುವ ಹಗ್ಗ ತುಂಡಾಗುವುದು ಇನ್ನೊಂದು ತೊಂದರೆ. ಪೂರ್ತಿ ಉದ್ದ ಜಗ್ಗಿ ಎಳೆಯದಂತೆ ಮಕ್ಕಳಿಗೆ ಹೇಳಿ.

ಎಕ್ಸ್‌ಲೇಟರ್ ಒತ್ತಿ ಬಿಟ್ರ ತಡಾ ಮಾಡಿ ವಾಪಸ್ ಬರತೈತಿ. ಓಡಿಸಬಹುದಲ್ಲಾ?

ಇಲ್ಲ. ಈಗಲೇ ಕೀಲಿ ತೆಗೆದು ನಿಮ್ಮ ಕಿಸೆಯಲ್ಲಿಟ್ಟುಕೊಳ್ಳಿ.

ಎಂಜಿನ್ನಿನ ಬೇರೆ ಹೆಚ್ಚಿನ ದೋಷಗಳಲ್ಲಿ ಗಾಡಿ ನಿಲ್ಲುತ್ತದೆ. ಈ ದೋಷದಲ್ಲಿ ನಿಲ್ಲುವುದಿಲ್ಲ. ಹೆಬ್ಬೆರಳಿನಿಂದ ಒತ್ತುವ ಲಿವರ್ ಬಿಟ್ಟ ಕ್ಷಣ ಟಕ್ ಎಂದು ಹಿಂದೆ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ಬರಬೇಕು. ಕೇಬಲ್ ಬಿಗಿಯಾಗಿದ್ದರೆ ಹ್ಯಾಂಡಲ್ ತಿರುಗಿಸಿದಾಗ ತಾನೇ ಎಳೆದುಕೊಂಡು ಎಂಜಿನ್ ರೇಸ್ ಆಗುತ್ತದೆ. ಮಗು ತಿರುವಿನಲ್ಲಿರುವಾಗ ಹಾಗಾದರೆ ಯೋಚಿಸಿ. ಲಿವರಿನಲ್ಲಿ ಮೂರರಿಂದ ಐದು ಮಿಲಿಮೀಟರ್ ಸಡಿಲು ಬಿಡಿ. ಲಿವರ್ ಪೆಟ್ಟಿಗೆ ಬಿಚ್ಚಿ ಒಳಗಿನ ಮಣ್ಣು ಒರೆಸಿ, ಸ್ಪ್ರಿಂಗ್ ಸರಿಯಾಗಿ ಕೂತಿದೆಯೇ ನೋಡಿ. ಕೇಬಲ್ ಒಳಗೆ ಎಳೆ ಬಿಟ್ಟುಕೊಂಡಿದ್ದರೆ ಎಣ್ಣೆ ಬಿಟ್ಟು ನೂಕಬೇಡಿ, ಹೊಸದು ಹಾಕಿಸಿ. ಕಾರ್ಬೊರೇಟರಿನ ಸ್ಲೈಡ್ ಮೇಲೆ ಮರಳು ಕೂತರೂ ಹೀಗೇ ಆಗುತ್ತದೆ.

ಮಗು ಕೂರುವ ಮುಂಚೆ ಪ್ರತಿ ಸಲ, ಎಂಜಿನ್ ಚಾಲೂ ಮಾಡದೆ, ಎಕ್ಸ್‌ಲೇಟರ್ ಮೂರು ಸಲ ಒತ್ತಿ ಬಿಡಿ. ಬ್ರೇಕ್ ಹಿಡಿದು ಗಾಡಿ ನೂಕಿ ನೋಡಿ. ಗಾಲಿ ಅಲುಗಿಸಿ ನೋಡಿ. ಒಂದು ನಿಮಿಷದ ಕೆಲಸ.

ಬ್ರೇಕ್ ಮೆತ್ತಗ ಆಗೈತಿ.

ಹಿಂದಿನ ಡಿಸ್ಕ್ ಬ್ರೇಕ್ ಆದರೆ ಪೈಪಿನಲ್ಲಿ ಗಾಳಿ ಸೇರಿದೆ. ಮುಚ್ಚಳದ ಮೇಲೆ ಡಾಟ್ 3 ಎಂದೋ ಡಾಟ್ 4 ಎಂದೋ ಇರುತ್ತದೆ, ಅದೇ ಎಣ್ಣೆ ತಂದು ಗಾಳಿ ತೆಗೆಯಬೇಕು. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಮುಂದಿನ ಡ್ರಮ್ ಬ್ರೇಕಾದರೆ ಕೇಬಲ್ ನಟ್ಟು ಎರಡು ಸುತ್ತು ಬಿಗಿ ಮಾಡಿದರೆ ಸಾಕಾಗಬಹುದು.

ಗಾಡಿ ಎಳೆಯುತ್ತಿಲ್ಲ, ಡಿಸ್ಕ್ ಕಾಯುತ್ತಿದೆ ಎನ್ನುವವರು ಪಾರ್ಕಿಂಗ್ ಲಾಕ್ ನೋಡಿ. ಲಿವರಿನ ಚಿಕ್ಕ ಕೊಕ್ಕೆ ಬಿಡಿಸದೆ ಓಡಿಸಿದ್ದಾರೆ.

ಗಾಳಿ ಎಷ್ಟ ಹಾಕಿಸೂದು? ಪಂಕ್ಚರ್ ಅಂಗಡ್ಯಾಂವ 30 ಹಾಕ್ಯಾನ.

ಈಗಲೇ ಬಿಡಿಸಿ. ಇದು ಕಡಿಮೆ ಗಾಳಿಯ ಬಲೂನ್ ಟಯರ್. ಎಷ್ಟು ಎಂದು ಟಯರಿನ ಪಕ್ಕೆಯ ಮೇಲೆ ಬರೆದಿರುತ್ತದೆ, ಹೆಚ್ಚಾಗಿ 3ರಿಂದ 5 ಪಿಎಸ್ಐ ಆಸುಪಾಸು. 30 ಹಾಕಿದರೆ ಬದು ದಾಟುವಾಗ ಗಾಡಿ ಚೆಂಡಿನಂತೆ ಪುಟಿದು ಮಗುವನ್ನು ಎಸೆಯುತ್ತದೆ, ಟಯರ್ ಒಡೆಯಲೂಬಹುದು. ಕಂಪ್ರೆಸರ್ ಬಿಡಿ, ಸೈಕಲ್ ಪಂಪಿನಲ್ಲಿ ಹಾಕಿ. ಹೆಬ್ಬೆರಳಿನಿಂದ ಒತ್ತಿದರೆ ತುಸು ಒಳಗೆ ಹೋಗಬೇಕು, ನಾಲ್ಕೂ ಗಾಲಿ ಸಮ ಇರಬೇಕು.

ಹ್ಯಾಂಡಲ್ ಒಂದ ಕಡೆ ಎಳೀತೈತಿ.

ಮೊದಲು ಗಾಳಿ ಸಮ ಮಾಡಿ. ಆಮೇಲೆ ಮುಂದಿನ ಎರಡು ಗಾಲಿಗಳ ನಡುವಿನ ಅಂತರವನ್ನು ಮುಂಭಾಗದಲ್ಲೂ ಹಿಂಭಾಗದಲ್ಲೂ ಟೇಪಿನಿಂದ ಅಳೆಯಿರಿ. ಮುಂಭಾಗ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು, ಟೈ ರಾಡ್ ತಿರುಗಿಸಿ ಹೊಂದಿಸಬಹುದು. ಟೈ ರಾಡ್ ಬಾಗಿದ್ದರೆ ಸುತ್ತಿಗೆಯಿಂದ ನೇರ ಮಾಡಿ ಹಾಕಬೇಡಿ, ಬಾಗಿ ನೇರವಾದ ಕಬ್ಬಿಣ ಆಮೇಲೆ ಮುರಿಯುತ್ತದೆ. ಹಿಂದಿನ ಎರಡು ಗಾಲಿ ಒಂದೇ ಆಕ್ಸಲ್ ಮೇಲೆ ಒಟ್ಟಿಗೇ ತಿರುಗುವುದರಿಂದ ಚಿಕ್ಕ ತಿರುವಿನಲ್ಲಿ ಗಾಡಿ ನೇರ ತಳ್ಳಿದಂತೆ ಆಗುವುದು ದೋಷವಲ್ಲ, ವಿನ್ಯಾಸವೇ ಹಾಗೆ.

ಎರಿ ಹೊಲದಾಗ ಓಡಿಸಿದ ಮ್ಯಾಲೆ ಚೈನ್ ಬೀಳತೈತಿ.

ಎರೆ ಮಣ್ಣು ಹಸಿಯಿದ್ದಾಗ ಗಾಡಿ ಇಳಿಸಬೇಡಿ. ಧಾರವಾಡದ ಪಶ್ಚಿಮಕ್ಕೆ ಮಸಾರಿ ನೆಲದಲ್ಲಿ ಓಡುವ ಗಾಡಿಗೂ ಅಣ್ಣಿಗೇರಿಯ ಎರೆಯಲ್ಲಿ ಓಡುವ ಗಾಡಿಗೂ ಚೈನಿನ ಆಯುಷ್ಯದಲ್ಲಿ ಅಜಗಜ ವ್ಯತ್ಯಾಸ. ಎರೆ ಮಣ್ಣು ಸ್ಪ್ರಾಕೆಟ್ ಹಲ್ಲುಗಳ ನಡುವೆ ತುಂಬಿ ಒಣಗಿ ಇಟ್ಟಿಗೆಯಾಗುತ್ತದೆ, ಚೈನ್ ಅದರ ಮೇಲೆ ಹತ್ತಿ ಹಾರುತ್ತದೆ. ಎಂಜಿನ್ನಿನ ರೆಕ್ಕೆಗಳಿಗೆ ಮೆತ್ತಿಕೊಂಡರೆ ಎಂಜಿನ್ ಕಾಯುತ್ತದೆ, ಇದಕ್ಕೆ ಗಾಳಿಯೇ ತಂಪು, ರೇಡಿಯೇಟರ್ ಇಲ್ಲ. ಒಣಗುವ ಮುಂಚೆ ಕಟ್ಟಿಗೆ ಚಕ್ಕೆಯಿಂದ ಕೆರೆದು ತೆಗೆಯಿರಿ. ಕಾದ ಎಂಜಿನ್ನಿಗೆ ನೀರು ಹೊಡೆಯಬೇಡಿ.

ಚೈನ್ ನಡುವೆ ಒತ್ತಿದರೆ ಮೇಲೆ ಕೆಳಗೆ ಸೇರಿ ಎರಡು ಸೆಂಟಿಮೀಟರ್ ಆಡಲಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಚೈನ್ ಕವರ್ ತೆಗೆದಿಟ್ಟು ಓಡಿಸಬೇಡಿ, ಪ್ಯಾಂಟಿನ ತುದಿ, ಬೆರಳು ಸಿಗುತ್ತವೆ.

ರಿವರ್ಸ್ ಬೀಳವಲ್ದು.

ಗಾಡಿ ಪೂರ್ತಿ ನಿಲ್ಲಬೇಕು, ಎಂಜಿನ್ ಸ್ಲೋದಲ್ಲಿರಬೇಕು. ತುಸು ಹಿಂದೆ ಮುಂದೆ ನೂಕಿ ಹಾಕಿ. ಆಗದಿದ್ದರೆ ಗೇರ್ ಲಿವರಿನ ರಾಡ್ ಹೊಂದಿಸಬೇಕು. ಎಕ್ಸ್‌ಲೇಟರ್ ಮುಟ್ಟದೆಯೇ ಗಾಡಿ ಮುಂದೆ ತೆವಳುತ್ತಿದ್ದರೆ ಸ್ಲೋ ಸ್ಪೀಡ್ ಸ್ಕ್ರೂ ಇಳಿಸಿ. ಇಳಿಸಿದರೂ ತೆವಳಿದರೆ ಕ್ಲಚ್ ಸ್ಪ್ರಿಂಗ್ ನೋಡಬೇಕು.

ಸರ್ವಿಸ್ ಸ್ಟೇಷನ್‌ನಾಗ ವಾಟರ್ ಸರ್ವಿಸ್ ಮಾಡಿಸಬಹುದಾ?

ಮನೆಯ ಪೈಪಿನ ನೀರೇ ಸಾಕು. ಆ ಜೋರಿನ ನೀರು ಬೇರಿಂಗಿನ ಸೀಲ್ ದಾಟಿ ಗ್ರೀಸ್ ತೊಳೆದುಬಿಡುತ್ತದೆ, ವೈರಿಂಗ್ ಜೋಡಣೆಗಳಲ್ಲಿ ನಿಲ್ಲುತ್ತದೆ.

ಸ್ಪೀಡ್ ಸಾಲೂದಿಲ್ಲ ಅಂತಾನ. ಲಿಮಿಟ್ ಸ್ಕ್ರೂ ತಗದ ಕೊಡ್ರಿ.

ಇಲ್ಲ, ನಾನು ತೆಗೆಯುವುದಿಲ್ಲ. ಎಕ್ಸ್‌ಲೇಟರ್ ಪೆಟ್ಟಿಗೆಯ ಆ ಸ್ಕ್ರೂ ಮಗುವಿನ ಕೈಗೆ ತಕ್ಕಷ್ಟು ವೇಗ ಇಡಲೆಂದೇ ಇದೆ. ಬ್ರೇಕು, ಸಸ್ಪೆನ್ಶನ್ ಆ ವೇಗಕ್ಕೆ ಮಾಡಿದವು. ನನ್ನ ಹೊಟ್ಟೆಪಾಡು ಈ ಗಾಡಿಗಳಿಂದಲೂ ನಡೆಯುತ್ತದೆ, ಆದರೂ ಹೇಳುತ್ತೇನೆ: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿ ಓಡಿಸಲೇಬಾರದು ಎನ್ನುತ್ತದೆ. ಕೊಡಿಸಿದ್ದೀರಿ ಎಂದಾದರೆ ಹೆಲ್ಮೆಟ್, ಶೂ, ಕೈಗವಸು ಹಾಕಿಸಿ, ಕಣ್ಣೆದುರಿಗೇ ಓಡಿಸಿ. ತಮ್ಮನನ್ನೋ ತಂಗಿಯನ್ನೋ ಹಿಂದೆ ಕೂಡಿಸಲು ಬಿಡಬೇಡಿ. ಒಬ್ಬರ ಭಾರಕ್ಕೆ ತೂಗಿದ ಗಾಡಿ, ಏರಿನಲ್ಲಿ ಎರಡನೆಯವರಿದ್ದರೆ ಹಿಂದಕ್ಕೆ ಮಗುಚುತ್ತದೆ.

ಊರಾಗಿನ ರೋಡ್ ಮ್ಯಾಲೆ, ಅಂಗಡೀತನಾ?

ಅಂಗಡಿತನಕವೂ ಬೇಡ. ಇವು ರಿಜಿಸ್ಟ್ರೇಶನ್ ಇಲ್ಲದ ಗಾಡಿಗಳು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ತಪ್ಪು ಮಾಡಿದರೆ ಪಾಲಕರು ಅಥವಾ ಮಾಲೀಕರು ಹೊಣೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಸ್ಪೇರ್ ಪಾರ್ಟ್ ಎಲ್ಲಿ ಸಿಗತಾವ?

ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಪ್ಲಗ್, ಬ್ಯಾಟರಿ, ಬೇರಿಂಗ್, ಪೆಟ್ರೋಲ್ ಪೈಪ್, ಫಿಲ್ಟರ್ ಇಲ್ಲಿಯ ಬೈಕ್ ಅಂಗಡಿಗಳಲ್ಲೇ ಹೊಂದುತ್ತವೆ. ಬೇರಿಂಗಿನ ಅಂಚಿನಲ್ಲಿ ನಂಬರ್ ಇರುತ್ತದೆ, ಅದು ಸಾಕು. ಬುಶ್ ಲೇಥ್‌ನಲ್ಲಿ ಮಾಡಿಸಬಹುದು. ಸಿಡಿಐ, ಕಾರ್ಬೊರೇಟರ್ ಆನ್‌ಲೈನ್ ತರಿಸಬೇಕಾಗುತ್ತದೆ. ಸಿಡಿಐ ತರಿಸುವಾಗ ಪಿನ್ ಎಷ್ಟು, ಯಾವ ಸಾಲಿನಲ್ಲಿವೆ ಎಂದು ಫೋಟೊ ತೆಗೆದು ಹೋಲಿಸಿ.

ಶಾಲಿ ಚಾಲೂ ಆತು. ದಸರಾ ತನಕಾ ಗಾಡಿ ನಿಂದರತೈತಿ. ಏನ್ ಮಾಡಿ ಇಡೂದು?

ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಆಮೇಲೆ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಇಳಿಸಿ. ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಚೈನಿಗೆ ಎಣ್ಣೆ ಸವರಿ, ಗಾಲಿಯಡಿ ಇಟ್ಟಿಗೆ ಕೊಟ್ಟು ಎತ್ತಿಡಿ.

ಗೋವಿನಜೋಳದ ಚೀಲಗಳ ಪಕ್ಕ ನಿಲ್ಲಿಸಬೇಡಿ. ಹಾವೇರಿ ಕಡೆಯಿಂದ ಬಂದ ಒಂದು ಗಾಡಿಯ ಏರ್ ಫಿಲ್ಟರ್ ಪೆಟ್ಟಿಗೆ ತೆಗೆದಾಗ ಒಳಗೆ ಚೀಲದ ದಾರ, ಹುಲ್ಲು, ಕಾಳಿನ ಸಿಪ್ಪೆ ಸೇರಿಸಿ ಕಟ್ಟಿದ ಇಲಿ ಗೂಡಿತ್ತು, ಸಿಡಿಐ ವೈರ್ ಮೂರು ಕಡೆ ಕಡಿದಿತ್ತು. ಪೆಟ್ಟಿಗೆಯ ಬಾಯಿಗೆ ಮತ್ತು ಸೈಲೆನ್ಸರ್ ತುದಿಗೆ ಬಟ್ಟೆ ತುರುಕಿ. ತುರುಕಿದ್ದೇವೆಂದು ಒಂದು ಚೀಟಿ ಬರೆದು ಹ್ಯಾಂಡಲ್‌ಗೆ ಕಟ್ಟಿ, ದಸರಾಕ್ಕೆ ತೆಗೆಯುವವರು ನೀವೇ ಆಗಿರಲಿಕ್ಕಿಲ್ಲ.